ಎಂಟು ಗಂಟೆಯ ಸರ್ಟಿಫಿಕೇಟ್ ಕೊಟ್ಟು ಸರ್ವರ್ ಪ್ರವೇಶ: ಮಾಡಿದವರು ಅನುಭವ ತಿಳಿಸಿ

ತುಂಗಾತೀರ: ನಮ್ಮದು ಶಿವಮೊಗ್ಗದ ಸಣ್ಣ ಕಚೇರಿ. ಹನ್ನೆರಡು ಲಿನಕ್ಸ್ ಸರ್ವರ್‌ಗಳಿಗೆ ಒಂಬತ್ತು ಜನ ಮನೆಯಿಂದ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಮೂಲಕ ಬರುತ್ತಾರೆ. ಕೆಲಸ ಬಿಟ್ಟವರ ಕೀಲಿಗಳೂ (ಪಾಸ್‌ವರ್ಡ್ ಬದಲು ಬಳಸುವ ಡಿಜಿಟಲ್ ಕೀಲಿ) ಅಲ್ಲಿಯೇ ಉಳಿದಿರುವುದು ಮೊನ್ನೆ ತಿಳಿಯಿತು. ಕೀಲಿಗೆ ಸಹಿ ಹಾಕಿ ಕೊಡುವ, ಎಂಟು ಗಂಟೆ ಮಾತ್ರ ಬಾಳುವ ಸರ್ಟಿಫಿಕೇಟ್ ಪದ್ಧತಿಗೆ ಹೋಗಬೇಕೆಂದಿದ್ದೇವೆ. ಮಾಡಿದವರು ದಯವಿಟ್ಟು ತಿಳಿಸಿ.

ರಾತ್ರಿಪಾಳಿ: ನಾವು 2023ರಲ್ಲಿ ಬದಲಾದೆವು. ಆ ಸಹಿ ಹಾಕುವ ಸಿಎ (ಸರ್ಟಿಫಿಕೇಟ್ ಅಥಾರಿಟಿ, ಅಂದರೆ ಸರ್ವರ್‌ಗಳು ನಂಬುವ ಸಹಿದಾರ) ಕೀಲಿಯನ್ನು ಡಿಸ್ಕ್‌ನಲ್ಲಿ ಇಡಬಾರದೆಂದು ಎರಡು ಯುಎಸ್‌ಬಿ ಭದ್ರತಾ ಟೋಕನ್‌ಗಳಿಗೆ 11,600 ರೂಪಾಯಿ ಸುರಿದೆವು. ಒಂದು ಇಂದಿಗೂ ಬೀರುವಿನಲ್ಲಿದೆ. ಆದರೆ ನಮ್ಮನ್ನು ಕಾಡಿದ್ದು ಗಡಿಯಾರ. ದಾವಣಗೆರೆ ಶಾಖೆಯ ಸರ್ವರ್ ಕರೆಂಟು ಹೋಗಿ ಬಂದ ಮೇಲೆ ನಲವತ್ತು ನಿಮಿಷ ಹಿಂದೆ ಓಡುತ್ತಿತ್ತು. ಆಗತಾನೇ ಸಹಿಯಾದ ಸರ್ಟಿಫಿಕೇಟ್ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟಿರಲೇ ಇಲ್ಲವಾದ್ದರಿಂದ, ರಾತ್ರಿ ಎರಡಕ್ಕೆ ನನ್ನನ್ನು ಹೊರಗೇ ನಿಲ್ಲಿಸಿತು. ಬೆಳಿಗ್ಗೆ ಹುಬ್ಬಳ್ಳಿಯಿಂದ ಹೋಗಿ ಎನ್‌ಟಿಪಿ (ಜಾಲದ ಮೂಲಕ ಗಡಿಯಾರ ಹೊಂದಿಸುವ ವ್ಯವಸ್ಥೆ) ಸರಿಪಡಿಸಿ ಬಂದೆ, ಟ್ಯಾಕ್ಸಿಗೆ 4,200. ಸರ್ಕಾರಿ ಸಂಸ್ಥೆಗಳಾದ ಎನ್‌ಐಸಿ ಅಥವಾ ಎನ್‌ಪಿಎಲ್ ಸಮಯಕ್ಕೆ ಗಡಿಯಾರ ಹೊಂದಿಸಿ ಎಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದೇ ನಿರ್ದೇಶಿಸಿತ್ತು. ಅದನ್ನು ಕಾಗದಪತ್ರದ ಕಾಟವೆಂದು ಬದಿಗಿಟ್ಟವನು ನಾನೇ.

ಹಳೇಸರ್ವರ್: ಗಡಿಯಾರ ಬಿಡಿ, ನನ್ನ ನಷ್ಟ ಕೇಳಿ. ಹಳೆಯ ಲಿನಕ್ಸ್ ಆದ ಸೆಂಟ್‌ಓಎಸ್ 7 ಯಂತ್ರದಲ್ಲಿ ಆರ್‌ಎಸ್‌ಎ ಮಾದರಿಯ ಸಿಎ ಕೀಲಿ ಇಟ್ಟುಕೊಂಡು ಎರಡು ವರ್ಷ ನೆಮ್ಮದಿಯಾಗಿದ್ದೆವು. ಸರ್ವರ್‌ಗಳನ್ನು ಉಬುಂಟು 22.04ಕ್ಕೆ ಏರಿಸಿದ ದಿನ ಅವು ಒಂದು ಸರ್ಟಿಫಿಕೇಟನ್ನೂ ಒಪ್ಪಲಿಲ್ಲ. ಎಸ್‌ಎಸ್‌ಎಚ್ ನಡೆಸುವ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಚ್‌ನಲ್ಲಿ, 2020ರಲ್ಲಿ ಬಂದ 8.2 ಆವೃತ್ತಿಯಿಂದಲೇ, ಶಾ-1 ಎಂಬ ಹಳೆಯ ದುರ್ಬಲ ವಿಧಾನ ಬಳಸಿದ ಸಿಎ ಸಹಿಗೆ ತಾನಾಗಿ ಮಾನ್ಯತೆ ಇಲ್ಲ, ನಮ್ಮ ಹಳೆಯ ಯಂತ್ರ ಹಾಕುತ್ತಿದ್ದುದು ಅದೇ ಸಹಿ ಎಂದು ಪತ್ತೆಹಚ್ಚಲು ಹನ್ನೊಂದು ಗಂಟೆ ಬೇಕಾಯಿತು. ಅಷ್ಟಕ್ಕೆ ಗ್ರಾಹಕರೊಬ್ಬರು ಬಿಲ್ಲಿನಲ್ಲಿ 45,000 ಮುರಿದುಕೊಂಡರು. ಈಗ ವಿಪಿಎನ್ (ಕಚೇರಿಗೆ ಮಾತ್ರ ಮೀಸಲಾದ ಖಾಸಗಿ ಜಾಲ ಸಂಪರ್ಕ) ಒಳಗೆ ಮಾಮೂಲಿ ಕೀಲಿ ಇಟ್ಟು ಸುಖವಾಗಿದ್ದೇನೆ.

ರಾತ್ರಿಪಾಳಿ: ಅದು ಪದ್ಧತಿಯ ತಪ್ಪಲ್ಲ ಸ್ವಾಮಿ. ಓಪನ್‌ಎಸ್‌ಎಸ್‌ಎಚ್‌ನಲ್ಲಿ ಶಾ-1 ಬಳಸದ ಇಡಿ25519 ಮಾದರಿಯ ಕೀಲಿ 2014ರಿಂದಲೂ ಇದೆ; ಸಿಎಗೆ ಅದನ್ನು ಬಳಸಿದ್ದರೆ ಈ ರಗಳೆ ಇರುತ್ತಿರಲಿಲ್ಲ.

ಹಳೇಸರ್ವರ್: ಗಡಿಯಾರ ತಿರುಗಿಸಲು ಟ್ಯಾಕ್ಸಿ ಹಿಡಿದವರು ನನಗೆ ಪಾಠ ಹೇಳುವುದು ಬೇಡ.

ಕಾವೇರಿಮಗಳು: ನಿಮ್ಮಿಬ್ಬರದೂ ಒಳಗೆ ಹೋಗಲಾಗದ ಗೋಳು, ನನ್ನದು ಹೊರಗೆ ಕಳುಹಿಸಲಾಗದ ಗೋಳು. ಸರ್ವರ್ ಸರ್ಟಿಫಿಕೇಟಿನ ಅವಧಿಯನ್ನು ನೋಡುವುದು ಲಾಗಿನ್ ಆಗುವಾಗ ಮಾತ್ರ. ಒಳಗೆ ಕೂತವರನ್ನು ಅದು ಎಬ್ಬಿಸುವುದಿಲ್ಲ. ಶುಕ್ರವಾರ ಗುತ್ತಿಗೆ ಮುಗಿದವರೊಬ್ಬರ ಸೆಷನ್ ಸೋಮವಾರವೂ ತೆರೆದೇ ಇತ್ತು. ಅವಧಿ ಮೀರಿದ ಸೆಷನ್‌ಗಳನ್ನು ಕಡಿಯುವ ಸ್ಕ್ರಿಪ್ಟ್ ಬರೆದೆ. ಮೊದಲ ರಾತ್ರಿಯೇ ಅದು ನಡೆಯುತ್ತಿದ್ದ ಬ್ಯಾಕಪ್ಪನ್ನೂ ಕಡಿದುಹಾಕಿತು. ಇನ್ನು ವಿಪಿಎನ್ ಸುಖದ ಮಾತು: ಅನೇಕ ವಿಪಿಎನ್‌ಗಳಿಗೂ ಸಿಎ ಇರುತ್ತದೆ, ಅದನ್ನು ಮಾಡುವ ಈಸಿ-ಆರ್‌ಎಸ್‌ಎ ತಂತ್ರಾಂಶ ತಾನಾಗಿ ಸಿಎಗೆ ಕೊಡುವ ಆಯಸ್ಸು 3,650 ದಿನ. ನನ್ನ ಹಿಂದಿನ ಕಚೇರಿಯಲ್ಲಿ 2013ರಲ್ಲಿ ಮಾಡಿದ್ದು 2023ರ ಒಂದು ಬೆಳಿಗ್ಗೆ ಸತ್ತಾಗ, ಮಾಡಿದವರು ಕೆಲಸ ಬಿಟ್ಟು ಆರು ವರ್ಷವಾಗಿತ್ತು.

ತುಂಗಾತೀರ: ಸಿಎ ಕೀಲಿಯೇ ಕೈಕೊಟ್ಟರೆ ಒಳಗೆ ಹೋಗುವುದು ಹೇಗೆಂದು ಯಾರೂ ಹೇಳಲಿಲ್ಲ.

ರಾತ್ರಿಪಾಳಿ: ಬೀರುವಿನ ಟೋಕನ್ ಇರುವುದೇ ಅದಕ್ಕೆ. ಅದರಲ್ಲಿ ಬೇರೆಯೇ ಸಿಎ ಕೀಲಿಯಿದೆ. ಎಲ್ಲ ಸರ್ವರ್‌ಗಳ ನಂಬಿಕೆಯ ಪಟ್ಟಿಗೆ ಎರಡನ್ನೂ ಮೊದಲೇ ಸೇರಿಸಿಡಿ.

ಹಳೇಸರ್ವರ್: ಬೀರುವಿನ ಬೀಗದ ಕೈ ಯಾರ ಬಳಿ ಇರುತ್ತದೆಂಬುದನ್ನೂ ಬರೆಯಿರಿ. ನಮ್ಮಲ್ಲಿ ಅದು ರಜೆ ಹಾಕಿ ಊರಿಗೆ ಹೋದವರ ಜೇಬಿನಲ್ಲಿತ್ತು.