ಎರಡನೆಯ ಬೇಸಿಗೆಯಲ್ಲಿರುವ ತೆಂಗಿನ ಸಸಿಗಳು ಬಾಡುತ್ತಿವೆ: ಉಳಿಸಿಕೊಳ್ಳುವ ಬಗೆ ಯಾವುದು?

ಪ್ರಶ್ನೆ (ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೆಳೆಗಾರ)

ಎಲ್ಲರಿಗೂ ನಮಸ್ಕಾರ. ಸುಮಾರು ಎರಡು ಎಕರೆ ಕೆಂಪು ಮಣ್ಣಿನಲ್ಲಿ ತಿಪಟೂರು ಎತ್ತರ ತಳಿಯ 80 ಸಸಿಗಳನ್ನು ನೆಟ್ಟಿದ್ದೇನೆ. ಅವಕ್ಕೆ ಇದು ಎರಡನೆಯ ಬೇಸಿಗೆ. ಕೊಳವೆ ಬಾವಿಯ ನೀರು ಅರ್ಧಕ್ಕೆ ಇಳಿದಿದೆ. ಮಧ್ಯಾಹ್ನದ ಹೊತ್ತಿಗೆ ಗರಿಯ ಎಲೆಗಳೆಲ್ಲ ಮಡಚಿಕೊಳ್ಳುತ್ತವೆ. ಕೆಳಗಿನ ಎರಡು ಮೂರು ಗರಿಗಳು ತುದಿಯಿಂದ ಕಂದುಬಣ್ಣಕ್ಕೆ ತಿರುಗಿ ಒಣಗುತ್ತಾ ಬಂದಿವೆ. ಪ್ರತಿ ಸಸಿಯ ಬುಡಕ್ಕೆ ದಿನವೂ ಒಂದು ಕೊಡ ನೀರು ಹಾಕುತ್ತಿದ್ದರೂ ಚೇತರಿಕೆ ಕಾಣುತ್ತಿಲ್ಲ. ಬದುವಿನ ಆಚೆ ನಮ್ಮ ತಂದೆಯವರು ನೆಟ್ಟ ಹಳೆಯ ಮರಗಳು ನೀರು ಕಟ್ಟದೆಯೂ ಹಸಿರಾಗಿ ನಿಂತಿರುವಾಗ ಎಳೆಯ ಸಸಿಗಳು ಮಾತ್ರ ಹೀಗೆ ಬಸವಳಿಯುವುದೇಕೆ? ಒಣಗಿದ ಗರಿಗಳ ಜೊತೆಗೆ ಮೇಲಿನ ಒಂದೆರಡು ಹಸಿರು ಗರಿಗಳನ್ನೂ ಕಡಿದರೆ ಸಸಿಗೆ ಭಾರ ಇಳಿಯುತ್ತದೆ ಎಂದು ಪಕ್ಕದ ತೋಟದವರು ಹೇಳುತ್ತಾರೆ. ಹಾಗೆ ಮಾಡಬಹುದೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 (ಅರಸೀಕೆರೆ ಕಡೆಯ ಬೆಳೆಗಾರ)

ದಯವಿಟ್ಟು ಹಸಿರು ಗರಿಗೆ ಕತ್ತಿ ಹಾಕಬೇಡಿ. ಎಳೆಯ ತೆಂಗು ತನ್ನ ಅನ್ನವನ್ನು ತಯಾರಿಸಿಕೊಳ್ಳುವುದು ಆ ನಾಲ್ಕೈದು ಗರಿಗಳಲ್ಲಿಯೇ. ಪೂರ್ತಿ ಒಣಗಿ ತಾನಾಗಿ ಜೋತುಬಿದ್ದದ್ದನ್ನು ಮಾತ್ರ ತೆಗೆದು, ಅದನ್ನೂ ಹೊರಗೆ ಎಸೆಯದೆ ಪಾತಿಯ ಮೇಲೆಯೇ ಹೊದಿಸಿ.

ಹಳೆಯ ಮರಕ್ಕೂ ಸಸಿಗೂ ಇರುವ ವ್ಯತ್ಯಾಸ ನೆಲದ ಒಳಗಿದೆ. ತೆಂಗಿಗೆ ಮಾವು, ಹುಣಸೆಗಳ ಹಾಗೆ ತಾಯಿಬೇರು ಇಲ್ಲ. ಕಾಂಡದ ಬುಡದಿಂದ ಹೊರಟ ಹುರಿಯಂಥ ಬೇರುಗಳೇ ಅದರ ಆಸ್ತಿ. ನಿಮ್ಮ ತಂದೆಯವರು ನೆಟ್ಟ ಮರಗಳಿಗೆ ಅಂಥವು ಸಾವಿರಾರು ಇದ್ದು ಸುತ್ತಲೂ ಹಬ್ಬಿರುತ್ತವೆ, ಮೂರು ನಾಲ್ಕು ಅಡಿ ಆಳದ ತೇವವೂ ಅವಕ್ಕೆ ಸಿಗುತ್ತದೆ. ನಿಮ್ಮ ಸಸಿಗಳ ಬೇರು ಇನ್ನೂ ಗುಣಿಯ ಅಂಚನ್ನೂ ದಾಟಿರಲಾರದು.

ನಿಮ್ಮ ನೀರಿನ ಲೆಕ್ಕದಲ್ಲಿ ತಪ್ಪಿಲ್ಲ, ಹಾಕುವ ರೀತಿಯಲ್ಲಿ ತಪ್ಪಿದೆ ಎಂದು ನನಗನಿಸುತ್ತದೆ. ಮೊದಲ ಎರಡು ವರ್ಷ ಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ ಸಸಿಗೆ 45 ಲೀಟರ್ ಕೊಡಬೇಕೆಂಬುದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. ನೀವು ದಿನಕ್ಕೊಂದು ಕೊಡದಂತೆ ಹೆಚ್ಚುಕಡಿಮೆ ಅಷ್ಟನ್ನೇ ಕೊಡುತ್ತಿದ್ದೀರಿ. ಆದರೆ ಕಾದ ಕೆಂಪು ಮಣ್ಣಿನ ಮೇಲೆ ಬಿದ್ದ ಒಂದು ಕೊಡ ನೀರು ನಾಲ್ಕು ಬೆರಳಿನಷ್ಟು ಇಳಿದು, ಸಂಜೆಯೊಳಗೆ ಆವಿಯಾಗಿ ಹೋಗುತ್ತದೆ. ಪಾತಿಯನ್ನು ಅಗಲ ಮಾಡಿ, ಬುಡದಿಂದ ಒಂದೂವರೆ ಅಡಿ ಆಚೆ ಸುತ್ತಲೂ ನೀರು ನಿಲ್ಲುವಂತೆ ಸಂಜೆಯ ಹೊತ್ತು ಒಟ್ಟಿಗೆ ಕೊಡಿ. 80 ಸಸಿಗೆ ಒಂದು ಸುತ್ತಿಗೆ 3,600 ಲೀಟರ್ ಬೇಕು. ದಿನಕ್ಕೆ 20 ಸಸಿಯಂತೆ ಹಂಚಿಕೊಂಡರೆ ದಿನದ ಖರ್ಚು 900 ಲೀಟರ್ ಮಾತ್ರ. ಕೊಟ್ಟ ಮರುದಿನ ಬುಡದಿಂದ ದೂರದಲ್ಲಿ ಒಂದು ಅಡಿ ಕೈಯಿಂದ ಬಗೆದು ನೋಡಿ. ಮಣ್ಣು ಮುಷ್ಟಿಯಲ್ಲಿ ಉಂಡೆ ಕಟ್ಟಬೇಕು, ಕೆಂಚು ಬೇರಿನ ತುದಿ ಬೆಳ್ಳಗೆ ಕಾಣಬೇಕು. ಹಾಗಿದ್ದರೆ ಬೇರು ಬೆಳೆಯುತ್ತಿದೆ ಎಂದೇ ಅರ್ಥ.

ಉತ್ತರ 2 (ತೋಟಗಾರಿಕೆ ಇಲಾಖೆಯಿಂದ ನಿವೃತ್ತರಾದವರು)

ಮೇಲಿನ ಮಾತಿಗೆ ನನ್ನ ಪೂರ್ಣ ಸಹಮತವಿದೆ. ನೀವು ಹೇಳಿರುವ ಎರಡು ಲಕ್ಷಣಗಳೂ ಬಹಳ ಮಟ್ಟಿಗೆ ಸಸಿಯು ತನ್ನನ್ನು ತಾನು ಕಾಪಾಡಿಕೊಳ್ಳುವ ಉಪಾಯಗಳೇ ಆಗಿವೆ. ತೆಂಗಿನ ಎಲೆಯ ಪತ್ರರಂಧ್ರಗಳು, ಅಂದರೆ ನೀರು ಆವಿಯಾಗಿ ಹೊರಹೋಗುವ ಸಣ್ಣ ರಂಧ್ರಗಳು, ಅಡಿಭಾಗದಲ್ಲಿವೆ. ಬೇರಿನಿಂದ ಬರುವ ನೀರು ಸಾಲದಾದಾಗ ಅವು ಮುಚ್ಚಿಕೊಳ್ಳುತ್ತವೆ ಮತ್ತು ಎಲೆ ನಡುನರದ ಗುಂಟ ಮಡಚಿಕೊಂಡು ಬಿಸಿಲಿಗೆ ಒಡ್ಡುವ ಮೈಯನ್ನು ಕಡಿಮೆ ಮಾಡಿಕೊಳ್ಳುತ್ತದೆ. ಅದೂ ಸಾಲದಾದರೆ ಸಸಿಯು ಅತಿ ಹಳೆಯ ಗರಿಯನ್ನು ಬಿಟ್ಟುಕೊಟ್ಟು ಸುಳಿಯನ್ನು ಉಳಿಸಿಕೊಳ್ಳುತ್ತದೆ. ತೆಂಗಿಗೆ ಇರುವುದು ಒಂದೇ ಸುಳಿ. ಅದು ಸತ್ತರೆ ಪಕ್ಕದಿಂದ ಚಿಗುರುವ ದಾರಿಯಿಲ್ಲ.

ಆದ್ದರಿಂದ ಮಧ್ಯಾಹ್ನದ ನೋಟವನ್ನು ನಂಬಬೇಡಿ. ಬೆಳಿಗ್ಗೆ ಸೂರ್ಯ ಹುಟ್ಟುವ ಮುನ್ನ ತೋಟಕ್ಕೆ ಹೋಗಿ. ಎಲೆಗಳು ಬಿಚ್ಚಿಕೊಂಡು ಹರವಾಗಿದ್ದರೆ ಸಸಿ ರಾತ್ರಿಯಲ್ಲಿ ನೀರು ತುಂಬಿಕೊಂಡಿದೆ ಎಂದು ತಿಳಿಯಿರಿ. ಆಗಲೂ ಮಡಚಿಯೇ ಇದ್ದರೆ ಅಂಥ ಸಸಿಗಳಿಗೆ ಮೊದಲು ನೀರು ಸಲ್ಲಬೇಕು.

ಪೊಟ್ಯಾಷ್ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಪತ್ರರಂಧ್ರಗಳು ಸರಿಯಾಗಿ ತೆರೆದು ಮುಚ್ಚಲು ತೆಂಗಿಗೆ ಪೊಟ್ಯಾಷಿಯಂ ಜೊತೆಗೆ ಕ್ಲೋರಿನ್ ಕೂಡ ಬೇಕು. ಸಮುದ್ರದಿಂದ ದೂರವಿರುವ ನಮ್ಮ ಬಯಲುಸೀಮೆಯಲ್ಲಿ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂಬ ಗೊಬ್ಬರ ಎರಡನ್ನೂ ಒದಗಿಸುತ್ತದೆ. ಎರಡನೆಯ ವರ್ಷದ ಸಸಿಗೆ ದೊಡ್ಡ ಮರದ ಪ್ರಮಾಣದ ಮೂರನೆಯ ಒಂದು ಭಾಗ ಸಾಕು. ಆದರೆ ಈಗ, ಒಣ ಮಣ್ಣಿನಲ್ಲಿ, ಯಾವ ರಾಸಾಯನಿಕ ಗೊಬ್ಬರವನ್ನೂ ಹಾಕಬೇಡಿ. ಬೇರು ಸುಡುತ್ತದೆ. ಮಳೆ ಬಿದ್ದು ನೆಲ ಹದಗೊಂಡ ಮೇಲೆಯೇ ಹಾಕಿ. ಎಳೆಯ ಸಸಿಯ ಬಾಯಾರಿಕೆಯನ್ನು ಹಗುರವಾಗಿ ಎಣಿಸಬಾರದು. ಪ್ರತಿ ಗರಿಯ ಕಂಕುಳಿನಲ್ಲಿ ಒಂದು ಹೊಂಬಾಳೆ ಬರಬೇಕಾಗಿರುವುದರಿಂದ, ಈಗ ಗರಿ ಮೂಡುವುದು ತಡವಾದಷ್ಟೂ ಮೊದಲ ಫಸಲು ಮುಂದೆ ಹೋಗುತ್ತದೆ.

ಉತ್ತರ 3 (ಪುತ್ತೂರು ಕಡೆಯ ಬೆಳೆಗಾರ)

ನಮ್ಮಲ್ಲಿ ಮಳೆ ಧಾರಾಳವಾದರೂ ಡಿಸೆಂಬರಿನಿಂದ ಮೇ ತಿಂಗಳವರೆಗೆ ಮುರಕಲ್ಲಿನ ಮಣ್ಣು ಕಾದ ಹೆಂಚಿನಂತಾಗುತ್ತದೆ. ಹಾಗಾಗಿ ಗುಣಿಯ ತಳದಲ್ಲಿ ತೆಂಗಿನ ಸಿಪ್ಪೆಯನ್ನು ಒಳಮೈ ಮೇಲಾಗಿ ಎರಡು ಪದರ ಜೋಡಿಸುವ ರೂಢಿಯಿದೆ. ಏಪ್ರಿಲ್ ತಿಂಗಳಲ್ಲಿ ಅಂಥ ಒಂದು ಸಿಪ್ಪೆಯನ್ನು ಅಗೆದು ತೆಗೆದು ಹಿಂಡಿದಾಗ ಬೆರಳ ಸಂದಿಯಿಂದ ನೀರು ಇಳಿದದ್ದನ್ನು ನಾನೇ ಕಂಡಿದ್ದೇನೆ. ನಿಮ್ಮ ಗುಣಿಗಳು ಮುಚ್ಚಿಹೋಗಿರುವುದರಿಂದ ಈಗ ಪಾತಿಯ ಸುತ್ತ ಸಣ್ಣ ಕಂದಕ ತೋಡಿ, ನೆನೆಸಿದ ಸಿಪ್ಪೆಯನ್ನು ಹೂಳಿ ಮಣ್ಣು ಮುಚ್ಚಬಹುದು. ಗೆದ್ದಲು ಇರುವ ಜಾಗವಾದರೆ ಒಣ ಸಿಪ್ಪೆ ಬುಡಕ್ಕೆ ತಾಗದಿರಲಿ. ಪಡುವಣದ ಬಿಸಿಲಿಗೆ ಅಡ್ಡವಾಗಿ ಎರಡು ಹೆಣೆದ ಗರಿಗಳನ್ನು ನಿಲ್ಲಿಸಿ. ಇದರಿಂದ ಸಸಿಯ ಬುಡ ತಂಪಾಗಿರುವುದು ಎರಡು ದಿನದಲ್ಲಿಯೇ ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಇಂದು ಬೆಳಗಿನ ಜಾವ ಐದೂವರೆಗೆ ಹೋಗಿ ನೋಡಿದೆ. 80ರಲ್ಲಿ 69 ಸಸಿಗಳ ಎಲೆ ಪೂರ್ತಿ ಬಿಚ್ಚಿಕೊಂಡಿದ್ದವು. ಒಂಬತ್ತು ಮಡಚಿಯೇ ಇದ್ದವು; ಅವೆಲ್ಲ ದಿಣ್ಣೆಯ ಮೇಲಿನವು. ಉಳಿದ ಎರಡರಲ್ಲಿ ಮಾತ್ರ ಸುಳಿ ಬಾಗಿದ್ದು, ಬಿಚ್ಚಿದ ಗರಿಗಳು ಕತ್ತರಿಯಿಂದ ಬೀಸಣಿಗೆಯ ಆಕಾರಕ್ಕೆ ಕತ್ತರಿಸಿದಂತಿವೆ. ಇದೂ ಬರದಿಂದ ಆದದ್ದೇ?

ಉತ್ತರ 2 ಬರೆದವರಿಂದ

ಅಲ್ಲ, ಅದು ರೈನೋಸರಸ್ ದುಂಬಿಯ ಕೆಲಸ. ಸುಳಿಯ ಬುಡದಲ್ಲಿ ರಂಧ್ರವೂ ಜಗಿದು ಬಿಟ್ಟ ನಾರೂ ಇವೆಯೇ ಎಂದು ನೋಡಿ, ಕಂಬಿಯ ಕೊಕ್ಕೆಯಿಂದ ದುಂಬಿಯನ್ನು ಹೊರಗೆಳೆದು ಕೊಂದು, ಗರಿಯ ಕಂಕುಳುಗಳಿಗೆ ಬೇವಿನ ಹಿಂಡಿ ಮತ್ತು ಮರಳಿನ ಮಿಶ್ರಣವನ್ನು ತುಂಬಿ. ಅದು ಮರಿಮಾಡುವುದು ತಿಪ್ಪೆಯಲ್ಲಿ. ಆದ್ದರಿಂದ ತೋಟದ ಪಕ್ಕದಲ್ಲಿ ತಿಪ್ಪೆ ಇದ್ದರೆ ಇಂದೇ ಕೆದಕಿಸಿ, ಬಿಳಿ ಹುಳುಗಳನ್ನು ಆರಿಸಿ ತೆಗೆಸಿ. ದಿಣ್ಣೆಯ ಮೇಲಿನ ಆ ಒಂಬತ್ತು ಸಸಿಗಳಿಗೆ ಇಂದು ಸಂಜೆಯೇ ನೀರು ಕೊಡಿ.