ಹಳೇ ರೀಲ್ ಕ್ಯಾಮೆರಾ ತಗೊಳ್ಳಬಹುದಾ? ರಿಪೇರಿಯವರನ್ನ ಕೇಳಿ (ಕೊಡಗಿನ ಗ್ರೂಪ್‌ನ ಮಾತುಕತೆ, ಕೇಳುವವರ ಹೆಸರಿನ ಬದಲು ಊರು)

ವಿರಾಜಪೇಟೆ: ನಮಸ್ಕಾರ ಸರ್. ಯಾಶಿಕಾ ಎಲೆಕ್ಟ್ರೋ 35 ಜಿಎಸ್‌ಎನ್ ಒಂದು 4,500ಕ್ಕೆ ಸಿಗ್ತಾ ಉಂಟು. ಹೊಸದರ ಹಾಗಿದೆ. ಬ್ಯಾಟರಿ ಇಲ್ಲದಿದ್ರೂ ಶಟರ್ ಬೀಳ್ತದೆ. ಲೆನ್ಸ್ ಒಳಗೆ ಅಂಚಲ್ಲಿ ಬಿಳಿ ನೂಲಿನ ಹಾಗೆ ಏನೋ ಕಾಣ್ತದೆ. ತಗೊಂಡು ಪೂರ್ತಿ ಸರ್ವಿಸ್ ಮಾಡಿಸಬಹುದಾ?

ರಿಪೇರಿಯವರು: ನಮಸ್ಕಾರ. ಶಟರ್ ಬೀಳುತ್ತೆ ಅಂತ ದುಡ್ಡು ಕೊಡಬೇಡಿ. ಈ ಮಾಡೆಲ್‌ನಲ್ಲಿ ಕರೆಂಟ್ ಇಲ್ಲದಿದ್ರೆ ಶಟರ್, ಅಂದ್ರೆ ಫಿಲ್ಮಿಗೆ ಬೆಳಕು ಬಿಡೋ ಎಲೆಗಳು, 1/500 ಸೆಕೆಂಡಿಗೇ ಬೀಳೋದು, ಕೆಟ್ಟ ಕ್ಯಾಮೆರಾದಲ್ಲೂ ಬೀಳುತ್ತೆ. ಕೈಯಲ್ಲಿ ಸ್ಪೀಡ್ ಇಡೋ ದಾರಿ ಇಲ್ಲ. ಸರ್ಕ್ಯೂಟ್ ಸತ್ತಿದ್ರೆ ನಿಮಗೆ ಉಳಿಯೋದು ಆ ಒಂದೇ ಸ್ಪೀಡ್.

ಇದರ 5.6 ವೋಲ್ಟ್ ಮರ್ಕ್ಯುರಿ ಸೆಲ್ ಈಗ ಬರಲ್ಲ. 6 ವೋಲ್ಟಿನ 4ಎಲ್‌ಆರ್44 ತಗೊಂಡು ಹೋಗಿ. ಅದು ಸಣ್ಣದು, ಸುತ್ತ ಕಾಗದ ಸುತ್ತಿ, ಉದ್ದ ಸಾಲದ ಕಡೆ ಒಂದು ಸ್ಪ್ರಿಂಗ್ ಇಡಿ. 0.4 ವೋಲ್ಟ್ ಹೆಚ್ಚಾದ್ರೆ ಈ ಸರ್ಕ್ಯೂಟ್‌ಗೆ ತೊಂದರೆ ಇಲ್ಲ. ಸೆಲ್ ಹಾಕೋ ಮುಂಚೆ ಗೂಡಿನ ತಳ ನೋಡಿ. ಹಸಿರು ಕಿಲುಬು ಇದ್ರೆ ಅದು ವೈರ್ ಹಿಡ್ಕೊಂಡು ಒಳಗೂ ಹೋಗಿರಬಹುದು.

ಅಪರ್ಚರ್ (ಲೆನ್ಸಲ್ಲಿ ಬೆಳಕು ಬರೋ ರಂಧ್ರ) ಅತಿ ಸಣ್ಣದಾದ ಎಫ್/16ಕ್ಕೆ ಇಟ್ಟು ಕತ್ತಲೆ ಮೂಲೆಗೆ ಹಿಡಿದು ಬಟನ್ ಅರ್ಧ ಒತ್ತಿ, ಹಳದಿ ದೀಪ ಬರಬೇಕು. ಅತಿ ದೊಡ್ಡದಾದ ಎಫ್/1.7ಕ್ಕೆ ತಿರುಗಿಸಿ ಬಿಸಿಲಿಗೆ ಹಿಡಿದ್ರೆ ಕೆಂಪು. ಆಮೇಲೆ ಹಿಂಬಾಗಿಲು ತೆಗೆದು ಕತ್ತಲಲ್ಲಿ ಒಂದು, ಬೆಳಕಲ್ಲಿ ಒಂದು ಹೊಡೀರಿ. ಕತ್ತಲಲ್ಲಿ ಶಟರ್ ತುಂಬಾ ಹೊತ್ತು ತೆರೆದೇ ಇರಬೇಕು.

ಇನ್ನು ರೀಲ್ ಮುಂದೆ ತಿರುಗಿಸೋ ಲಿವರ್ ಎಳೆಯುವಾಗ ಒಳಗೆ ‘ಟಕ್’ ಅಂತ ದಪ್ಪ ಸದ್ದು ಬರಬೇಕು. ಬರಲಿಲ್ಲ ಅಂದ್ರೆ ಒಳಗಿನ ಸಣ್ಣ ರಬ್ಬರ್ ಪ್ಯಾಡ್ ಕರಗಿದೆ. ಆಗ ಕಾಂಟ್ಯಾಕ್ಟ್‌ಗಳು ಸರಿಯಾಗಿ ಕೂರಲ್ಲ, ಎಕ್ಸ್‌ಪೋಶರ್ (ಫಿಲ್ಮಿಗೆ ಬೀಳೋ ಬೆಳಕಿನ ಲೆಕ್ಕ) ತಪ್ಪುತ್ತೆ. ಪ್ಯಾಡ್‌ಗೆ ಏನೂ ಬೆಲೆ ಇಲ್ಲ. ಅಲ್ಲಿಗೆ ತಲುಪೋಕೆ ಅರ್ಧ ಕ್ಯಾಮೆರಾ ಬಿಚ್ಚಬೇಕು, ಕೂಲಿ ಅದಕ್ಕೆ.

ನನಗೆ ಚಿಂತೆ ಆ ಬಿಳಿ ನೂಲು. ಸೆಲ್ ಹಾಕಿ ‘ಬಿ’ ಗುರುತಿಗೆ ಇಟ್ಟು (ಒತ್ತಿದಷ್ಟು ಹೊತ್ತು ಶಟರ್ ತೆರೆದಿರುತ್ತೆ), ಬಟನ್ ಒತ್ತಿ ಹಿಡ್ಕೊಂಡು ಹಿಂದಿನಿಂದ ಟಾರ್ಚ್ ಬಿಡಿ. ಕವಲೊಡೆದು ಹರಡಿದ್ರೆ ಅದು ಫಂಗಸ್, ಅಂದ್ರೆ ಬೂಷ್ಟು. ಮುಂದಿನ ಗಾಜಿನ ಹಿಂದೆ ಮಾತ್ರ ಇದ್ರೆ ಒರೆಸಬಹುದು. ಒರೆಸಿದ ಮೇಲೂ ಕಲೆ ಉಳಿದ್ರೆ ಗಾಜಿನ ಮೇಲಿನ ಕೋಟಿಂಗ್ ತಿಂದಾಗಿದೆ, ಅದು ವಾಪಸ್ ಬರಲ್ಲ. ಅಂಚಿನ ಕಲೆ ಫೋಟೋದಲ್ಲಿ ಹೆಚ್ಚು ಕಾಣಲ್ಲ. ನಡುವೆ ಇದ್ರೆ ಎದುರು ಬೆಳಕಿಗೆ ಫೋಟೋ ಮಸುಕು. ಸೆಲ್ ಹಾಕಿ ನೋಡೋಕೆ ಬಿಡದವರಿಗೆ ಬಿಡಿಭಾಗದ ಬೆಲೆ ಹೇಳಿ, ಹೆಚ್ಚು ಬೇಡ.

ಸೋಮವಾರಪೇಟೆ: ಫಂಗಸ್‌ಗೆ ಇಷ್ಟೆಲ್ಲಾ ಯಾಕೆ ಅಣ್ಣ? ಗ್ರೂಪಲ್ಲಿ ಬಂದಿತ್ತಲ್ಲ, ಎರಡು ದಿನ ಬಿಸಿಲಿಗೆ ಇಟ್ಟು ಆಮೇಲೆ ಟೂತ್‌ಪೇಸ್ಟ್ ಹಚ್ಚಿ ಒರೆಸೋದು. ಲೆನ್ಸ್ ರಿಂಗ್ ಬಿಗಿಯಾದ್ರೆ ಡಬ್ಲ್ಯುಡಿ-40 ಸ್ಪ್ರೇ.

ರಿಪೇರಿಯವರು: ಅದನ್ನ ಫಾರ್ವರ್ಡ್ ಮಾಡಿದವರು ಒಂದು ಲೆನ್ಸಾದ್ರೂ ಬಿಚ್ಚಿದ್ದಾರಾ? ಟೂತ್‌ಪೇಸ್ಟಲ್ಲಿ ಇರೋದು ಉಜ್ಜೋ ಪುಡಿ, ಕೋಟಿಂಗ್ ಕಿತ್ತು ಬರುತ್ತೆ. ಬಿಸಿಲಿಗೆ ಇಟ್ರೆ ಗ್ರೀಸ್ ತೆಳುವಾಗಿ ಅಪರ್ಚರ್ ಎಲೆಗಳಿಗೆ ಇಳಿಯುತ್ತೆ. ಡಬ್ಲ್ಯುಡಿ-40 ಹೊಡೆದ್ರೆ ಎಣ್ಣೆ ಶಟರ್ ಎಲೆಗಳಿಗೆ ಹೋಗಿ ಒಂದಕ್ಕೊಂದು ಅಂಟುತ್ತೆ. ಆ ಎಲೆಗಳು ಒಣಗಿರಬೇಕು, ಎಣ್ಣೆಯ ಒಂದು ಹನಿಯೂ ಬೇಡ.

ಭಾಗಮಂಡಲ: ಬಿಸಿಲಂತೆ! ಕಕ್ಕಡದ ಮಳೆ ತಿಂಗಳಲ್ಲಿ ಬಿಸಿಲು ಎಲ್ಲಿಂದ ತರ್ತೀರಿ? ಒಲೆ ಮೇಲಿನ ಅಟ್ಟದಲ್ಲಿಟ್ರೆ ಸಾಕು, ಕರಿಮೆಣಸೂ ಅಲ್ಲೇ ಒಣಗೋದು.

ಕುಶಾಲನಗರ: ನಮ್ಮ ಕಡೆ ಅಷ್ಟು ತೇವ ಇಲ್ಲ. ಕ್ಯಾಮೆರಾ ಕೊಳ್ಳೋದಾದ್ರೆ ಇಲ್ಲಿಂದ ಕೊಳ್ಳಿ.

ಭಾಗಮಂಡಲ: ನೀವು ಮಾರೋಕೆ ಕೂತಿದ್ದೀರಾ ಅಂತ ಎಲ್ರಿಗೂ ಗೊತ್ತು.

ಕುಶಾಲನಗರ: ಮಾರಿದ್ರೆ ತಪ್ಪಾ? ಅಟ್ಟದ ಹೊಗೆ ಹಿಡಿದ ಮಾಲು ಮಾರ್ತಿಲ್ಲ.

ರಿಪೇರಿಯವರು: ಅಟ್ಟ ಬೇಡ, ಗಾಜಿನ ಮೇಲೆ ಹೊಗೆಯ ಜಿಡ್ಡು ಕೂರುತ್ತೆ. ಕುಶಾಲನಗರದಲ್ಲಿ ಮಳೆ ಕಡಿಮೆ, ನಿಜ. ಆದ್ರೆ ಆ ಕ್ಯಾಮೆರಾ ಹಿಂದಿನ ಮಳೆಗಾಲ ಎಲ್ಲಿ ಕಳೆದಿತ್ತು ಅಂತ ಮಾರುವವರು ಬರೆದು ಕೊಡಲ್ಲ. ಚರ್ಮದ ಕವರ್ ತೆಗೆದು ಬಿಸಾಕಿ, ತೇವ ಹಿಡಿಯೋದೇ ಅದು. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ತೇವ ಅಳೆಯೋ ಒಂದು ಸಣ್ಣ ಮೀಟರ್. 40ರಿಂದ 50 ಪರ್ಸೆಂಟ್ ಇರಲಿ. ಜೆಲ್ ಬಣ್ಣ ಬದಲಾದ್ರೆ, ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಗೆ ಒಣಗಿಸಿ.

ಸಿದ್ದಾಪುರ: ಪೆಂಟ್ಯಾಕ್ಸ್ ಕೆ1000, 1/1000ದಲ್ಲಿ ಫೋಟೋದ ಒಂದು ಬದಿ ಕಪ್ಪು. ತಗೊಳ್ಳಲಾ?

ರಿಪೇರಿಯವರು: ಇದರ ಶಟರ್‌ನ ಎರಡು ಪರದೆಗಳ ಓಟ ಹೊಂದ್ತಿಲ್ಲ. ಕ್ಲೀನ್ ಮಾಡಿ ಟೆನ್ಶನ್ ಸರಿ ಮಾಡಿದ್ರೆ ಸಾಮಾನ್ಯವಾಗಿ ಸರಿಹೋಗುತ್ತೆ. ಪರದೆಯಲ್ಲಿ ಸೂಜಿ ತೂತು ಇದ್ರೆ ಬಿಡಿ. ಕನ್ನಡಿ ಬಡಿಯೋ ಫೋಮ್, ಬಾಗಿಲ ಸೀಲ್ ಹೇಗೂ ಹೊಸದು ಹಾಕಬೇಕು.

ಮಡಿಕೇರಿ: ಆಗ್ಫಾ ಕ್ಲಿಕ್ 3 ಇದೆ, 120 ರೀಲ್ ಹಾಕಿ ತೊಳೆಸೋದು ಎಲ್ಲಿ?

ಪೊನ್ನಂಪೇಟೆ: ಸರ್, ಎಲೆಕ್ಟ್ರೋಗೆ ಯಾವ ಬ್ಯಾಟರಿ?

ರಿಪೇರಿಯವರು: ಮೇಲೆ ಓದಿ.

ಸೋಮವಾರಪೇಟೆ: ಕೇಳಿದ್ರೆ ಸಿಡುಕೋದಾದ್ರೆ ಗ್ರೂಪ್ ಯಾಕೆ? ಟೂತ್‌ಪೇಸ್ಟಲ್ಲಿ ನನ್ನ ವಾಚ್ ಗಾಜು ಚೆನ್ನಾಗೇ ಹೊಳೀತು.

ರಿಪೇರಿಯವರು: ವಾಚ್ ಗಾಜಿಗೆ ಹಚ್ಕೊಳ್ಳಿ. ಲೆನ್ಸಿಗೆ ಹಚ್ಚಿ ನನ್ನ ಹತ್ರ ತರಬೇಡಿ.

ಪೊನ್ನಂಪೇಟೆ: ಮೇಲೆ ಓದಿದೆ ಸರ್, 4ಎಲ್‌ಆರ್44. ಅದು ಗೋಣಿಕೊಪ್ಪದಲ್ಲಿ ಸಿಗ್ತದಾ?

ಭಾಗಮಂಡಲ: ಕುಶಾಲನಗರದವರನ್ನ ಕೇಳಿ, ಅದನ್ನೂ ಮಾರ್ತಾರೆ.

ವಿರಾಜಪೇಟೆ: ಸರ್, ಈಗ ನೋಡಿಬಂದೆ. ‘ಟಕ್’ ಸದ್ದು ಇಲ್ಲ, ಕೆಂಪು ದೀಪ ಆರ್ತಾನೇ ಇಲ್ಲ. ನೂಲು ಮುಂದಿನ ಗಾಜಿನ ಹಿಂದೆ, ಅಂಚಲ್ಲಿ ಮಾತ್ರ. ಸೆಲ್ ಗೂಡು ಶುಭ್ರ. 3,000ಕ್ಕೆ ಇಳಿದಿದ್ದಾರೆ.

ರಿಪೇರಿಯವರು: ಪ್ಯಾಡೇ ಹೋಗಿರೋದು. ಗೂಡು ಶುಭ್ರ ಅಂದ್ರೆ ಸರ್ಕ್ಯೂಟ್ ಬದುಕಿರೋ ಸಾಧ್ಯತೆ ಜಾಸ್ತಿ. 2,000ಕ್ಕೆ ಕೊಟ್ರೆ ತಗೊಳ್ಳಿ. ತಂದ ಮೇಲೆ ಮನೇಲಿ ಸ್ಕ್ರೂ ಮುಟ್ಟಬೇಡಿ.