ಬೋರ್‌ವೆಲ್ ನೀರಲ್ಲಿ ತೊಳೆದರೆ ಸಯನೋಟೈಪ್ ನೀಲಿ ಹೊರಟೇ ಹೋಗ್ತಿದೆ, ಏನು ಕಾರಣ?

ಬೆಟ್ಟದ_ನೆರಳು, ಕೋಲಾರ

ಎಲ್ಲರಿಗೂ ನಮಸ್ಕಾರ. 4×5 ಇಂಚಿನ ನೆಗೆಟಿವ್ಅನ್ನ ಕಾಗದದ ಮೇಲೇ ಇಟ್ಟು ಸಯನೋಟೈಪ್ (ಕಬ್ಬಿಣದ ಕೆಮಿಕಲ್ ಹಚ್ಚಿ ಬಿಸಿಲಲ್ಲಿ ತೆಗೆಯುವ ನೀಲಿ ಫೋಟೊ) ಕಾಂಟ್ಯಾಕ್ಟ್ ಪ್ರಿಂಟ್ ಮಾಡ್ತಿದ್ದೀನಿ. ಅಂತರಗಂಗೆ ಬೆಟ್ಟದ ಬಂಡೆಗಳು, ಸೋಮೇಶ್ವರ ದೇವಸ್ಥಾನದ ಕಂಬಗಳು, ಈ ತರಹದ ವಿಷಯ. ವಿವರ ಹೀಗಿದೆ:

ಫಿಲ್ಮ್ ಎಫ್‌ಪಿ4 ಪ್ಲಸ್. ಡೆವಲಪರ್ ಎಚ್‌ಸಿ-110, ಬಿ ಡೈಲ್ಯೂಶನ್ (1+31, ಅಂದರೆ ಒಂದು ಪಾಲು ಸಿರಪ್‌ಗೆ 31 ಪಾಲು ನೀರು), 20 ಡಿಗ್ರಿಯಲ್ಲಿ 9 ನಿಮಿಷ. ಕೆಮಿಕಲ್ ಹಳೇ ಕ್ಲಾಸಿಕ್ ಫಾರ್ಮುಲಾ: ಎ ಬಾಟಲಿಯಲ್ಲಿ ಹಸಿರು ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ, ಬಿ ಬಾಟಲಿಯಲ್ಲಿ ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ, ಎರಡೂ 100 ಎಂಎಲ್ ನೀರಿಗೆ. ಸಮ ಪ್ರಮಾಣದಲ್ಲಿ ಬೆರೆಸಿ ಬ್ರಶ್‌ನಲ್ಲಿ ಹಚ್ಚೋದು. ಕಾಗದ 300 ಜಿಎಸ್‌ಎಂ ವಾಟರ್‌ಕಲರ್ ಪೇಪರ್. ಮಧ್ಯಾಹ್ನದ ಬಿಸಿಲಲ್ಲಿ 12 ನಿಮಿಷ.

ಫ್ರೇಮ್‌ನಿಂದ ತೆಗೆದಾಗ ಚಿತ್ರ ಚೆನ್ನಾಗೇ ಕಾಣುತ್ತೆ. ಬೋರ್ ನೀರಲ್ಲಿ 20 ನಿಮಿಷ ತೊಳೆಯೋಷ್ಟರಲ್ಲಿ ಮಿಡ್‌ಟೋನ್ (ನಡುವಿನ ಛಾಯೆಗಳು) ಮಾಯ, ಬಿಳಿ ಇರಬೇಕಾದ ಕಡೆ ಮಾಸಲು ಹಳದಿ. ಪಿಎಚ್ ಪಟ್ಟಿ 8ರಿಂದ 8.5 ತೋರಿಸ್ತಿದೆ. ನಮ್ಮ ಕಡೆ ನೀರಲ್ಲಿ ಫ್ಲೋರೈಡ್ ಇರೋದು ಗೊತ್ತೇ ಇದೆ. ಅದರದ್ದೇ ಕಾಟವಾ? ಆರ್‌ಒ ನೀರನ್ನೇ ಪೂರ್ತಿ ಬಳಸೋದಾದರೆ ಕ್ಯಾನ್ ಮೇಲೆ ಕ್ಯಾನ್ ಹೊರಬೇಕು.

ಕೆಂಪುದೀಪ, ತುಮಕೂರು

ಫ್ಲೋರೈಡ್ ಮೇಲೆ ಅಪವಾದ ಹೊರಿಸಬೇಡಿ ಸರ್. ಕುಡಿಯೋಕೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಹಾಕಿರುವ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಸಿಗದಿದ್ದರೆ 1.5. ಅದರ ಎರಡು ಮೂರು ಪಟ್ಟು ಇದ್ದರೂ ಹಲ್ಲು, ಮೂಳೆಗೆ ಕೆಟ್ಟದ್ದೇ ಹೊರತು ಪ್ರಿಂಟಿಗೆ ಏನೂ ಮಾಡಲ್ಲ. ನಿಮ್ಮ ನೀಲಿಯನ್ನ ತಿನ್ನುತ್ತಿರೋದು ಬೈಕಾರ್ಬನೇಟ್, ಅಂದರೆ ನೀರಿನ ಕ್ಷಾರ.

ಸಯನೋಟೈಪಿನ ನೀಲಿ ಅಂದರೆ ಪ್ರಶ್ಯನ್ ಬ್ಲೂ, ಕಬ್ಬಿಣ ಮತ್ತು ಫೆರೋಸಯನೈಡ್ ಸೇರಿ ಆದ ಬಣ್ಣ. ಆ್ಯಸಿಡ್‌ಗೆ ಜಗ್ಗಲ್ಲ, ಕ್ಷಾರಕ್ಕೆ ನಿಲ್ಲಲ್ಲ. ಕ್ಷಾರ ತಾಗಿದರೆ ಫೆರೋಸಯನೈಡ್ ಬಿಡಿಸಿಕೊಂಡು ನೀರಲ್ಲಿ ಹರಿದು ಹೋಗುತ್ತೆ, ಕಬ್ಬಿಣ ಮಾತ್ರ ಹೈಡ್ರಾಕ್ಸೈಡ್ ಆಗಿ ಕಾಗದದಲ್ಲೇ ಕೂರುತ್ತೆ. ನೀವು ನೋಡ್ತಿರೋ ಮಾಸಲು ಹಳದಿ ಅದೇ ಇರಬೇಕು. ಮಿಡ್‌ಟೋನ್‌ನಲ್ಲಿ ನೀಲಿ ತೆಳುವಾಗಿರೋದರಿಂದ ಮೊದಲು ಹೋಗೋದು ಅದು.

ಆದರೆ ಹಳದಿಗೆ ಇನ್ನೊಂದು ಕಾರಣವೂ ಇದೆ, ಸರಿಯಾಗಿ ತೊಳೆಯದೆ ಉಳಿದ ಕೆಮಿಕಲ್. ಎರಡನ್ನೂ ಬೇರೆ ಮಾಡೋದು ಸುಲಭ. ಒಣಗಿದ ಪ್ರಿಂಟಿನ ಅರ್ಧ ಮುಚ್ಚಿ ಬಿಸಿಲಿಗಿಡಿ. ಹಳದಿ ನಿಧಾನಕ್ಕೆ ನೀಲಿಗೆ ತಿರುಗಿದರೆ ತೊಳೆದದ್ದು ಸಾಲದು. ಹಾಗೇ ಉಳಿದರೆ ಕ್ಷಾರದ ಕೆಲಸ.

ಇನ್ನೂ ಖಚಿತ ಮಾಡ್ಕೋಬೇಕಂದ್ರೆ ಒಂದೇ ಪ್ರಿಂಟನ್ನ ಮೂರು ಪಟ್ಟಿ ಕತ್ತರಿಸಿ. ಒಂದು ಆರ್‌ಒ ನೀರಿಗೆ, ಒಂದು ಬೋರ್ ನೀರಿಗೆ, ಒಂದು ಸಿಟ್ರಿಕ್ ಆ್ಯಸಿಡ್ ಬೆರೆಸಿದ ಬೋರ್ ನೀರಿಗೆ, ತಲಾ 10 ನಿಮಿಷ. ಮೊದಲನೇದು ಮೂರನೇದು ಒಂದೇ ತರ ಬಂದು ನಡುವಿನದು ಮಾತ್ರ ಸಪ್ಪೆಯಾದರೆ ನೀರೇ ಕಾರಣ, ಕೆಮಿಕಲ್‌ಗೆ ಕೈ ಹಚ್ಚೋದು ಬೇಡ.

ಪರಿಹಾರ ಅಗ್ಗ. ಮೊದಲ ಟ್ರೇಗೆ ಒಂದು ಲೀಟರ್ ಬೋರ್ ನೀರು, 1 ಗ್ರಾಂ ಸಿಟ್ರಿಕ್ ಆ್ಯಸಿಡ್. ಪಟ್ಟಿ ಅದ್ದಿ ನೋಡಿ, ಪಿಎಚ್ 4ರಿಂದ 5ರ ಒಳಗೆ ಬರಬೇಕು. ಬರದಿದ್ದರೆ ಅರ್ಧರ್ಧ ಗ್ರಾಂ ಸೇರಿಸ್ತಾ ಹೋಗಿ. ಒಂದೊಂದು ಬೋರ್‌ವೆಲ್ ಒಂದೊಂದು ತರ, ಬೇಸಿಗೆಯಲ್ಲಿ ಅದೇ ಬೋರ್ ಬೇರೆ ತರ, ಹಾಗಾಗಿ ನನ್ನ ಗ್ರಾಂ ಲೆಕ್ಕಕ್ಕಿಂತ ನಿಮ್ಮ ಪಟ್ಟಿಯನ್ನ ನಂಬಿ. ಸಿಟ್ರಿಕ್ ಸಿಗದಿದ್ದರೆ ಬಿಳಿ ವಿನೆಗರ್ 25 ಎಂಎಲ್. ನಿಂಬೆಹಣ್ಣು ಹಿಂಡಬೇಡಿ, ಅದರ ತಿರುಳು ಕಾಗದಕ್ಕೆ ಅಂಟುತ್ತೆ.

ಈ ನೀರಲ್ಲಿ ಅಲ್ಲಾಡಿಸ್ತಾ 3 ನಿಮಿಷ, ಚೆಲ್ಲಿ ಹೊಸದಾಗಿ ಅದೇ ಮಿಶ್ರಣದಲ್ಲಿ 5 ನಿಮಿಷ. ಆಮೇಲೆ ಆರ್‌ಒ ನೀರು ಎರಡು ಸಲ, ತಲಾ 5 ನಿಮಿಷ. ಕೊನೇ ನೀರು ಮಾತ್ರ ಯಾವ ಕಾರಣಕ್ಕೂ ಬೋರ್ ನೀರಾಗಬಾರದು. ಒಣಗುವಾಗ ನೀರು ಆರಿ ಕ್ಷಾರ ಕಾಗದದಲ್ಲೇ ಗಟ್ಟಿಯಾಗುತ್ತೆ, ತಿಂಗಳುಗಟ್ಟಲೆ ಕೂತು ನೀಲಿಯನ್ನ ಮೇಯುತ್ತೆ. ಪ್ರಿಂಟಿಗೆ 2 ಲೀಟರ್ ಆರ್‌ಒ ಅಂದ್ಕೊಂಡರೂ 20 ಲೀಟರಿನ ಒಂದು ಕ್ಯಾನ್ ಹತ್ತು ಪ್ರಿಂಟಿಗೆ ಬರುತ್ತೆ.

ಬೆಟ್ಟದ_ನೆರಳು, ಕೋಲಾರ

ಪಟ್ಟಿ ಪರೀಕ್ಷೆ ಮಾಡಿದೆ ಸರ್. ನಡುವಿನದು ಸಪ್ಪೆ, ನೀವು ಹೇಳಿದ ಹಾಗೇ. ಆದರೆ ಆರ್‌ಒ ಪಟ್ಟಿಯಲ್ಲೂ ನೀಲಿ ನಾನು ಅಂದ್ಕೊಂಡಷ್ಟು ಗಾಢ ಇಲ್ಲ. ಇನ್ನು ಮೂರು ಸಣ್ಣ ಪ್ರಶ್ನೆ: ಬೋರ್ ನೀರನ್ನ ಕುದಿಸಿ ಆರಿಸಿದರೆ ಸರಿಹೋಗುತ್ತಾ? ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಬಣ್ಣ ವಾಪಸ್ ಬರುತ್ತೆ ಅಂತಾರೆ, ನಿಜವಾ? ಸಿಟ್ರಿಕ್ ಬದಲು ಮನೇಲಿರೋ ಟಾಯ್ಲೆಟ್ ಆ್ಯಸಿಡ್ ನಾಲ್ಕು ಹನಿ ಆಗಲ್ವಾ?

ಹೈಪೋ, ಚಿಕ್ಕಬಳ್ಳಾಪುರ

ಕೊನೇ ಪ್ರಶ್ನೆಗೆ ಮೊದಲು ಉತ್ತರ: ಬೇಡವೇ ಬೇಡ. ಅದು ಹೈಡ್ರೋಕ್ಲೋರಿಕ್ ಆ್ಯಸಿಡ್. ಫೆರಿಸಯನೈಡ್‌ಗೆ ಪ್ರಬಲ ಆ್ಯಸಿಡ್ ಸೇರಿದರೆ, ಅದರಲ್ಲೂ ಬಿಸಿ ಇದ್ದರೆ, ಹೈಡ್ರೋಜನ್ ಸಯನೈಡ್ ಅನಿಲ ಬರಬಹುದು. ಸಿಟ್ರಿಕ್, ವಿನೆಗರ್‌ನಂಥ ದುರ್ಬಲ ಆ್ಯಸಿಡ್‌ನಲ್ಲಿ, ಈ ಪ್ರಮಾಣದಲ್ಲಿ ಆ ಭಯ ಇಲ್ಲ. ಉಳಿದ ಬಿ ದ್ರಾವಣವನ್ನ ಟಾಯ್ಲೆಟ್‌ಗೆ ಸುರಿದು ಮೇಲೆ ಆ್ಯಸಿಡ್ ಹಾಕಿ ಉಜ್ಜೋದೂ ಅಷ್ಟೇ ತಪ್ಪು.

ಕುದಿಸೋದು ಕೆಲವು ನೀರಿಗೆ ಸರಿ, ನಮ್ಮ ನೀರಿಗೆ ಅಲ್ಲ. ಕ್ಯಾಲ್ಸಿಯಂ ಬೈಕಾರ್ಬನೇಟ್ ಇರುವ ನೀರು ಕುದಿಸಿದರೆ ಪಾತ್ರೆ ತಳದಲ್ಲಿ ಬಿಳಿ ಪದರ ಕಟ್ಟಿ ಕ್ಷಾರ ಇಳಿಯುತ್ತೆ. ಫ್ಲೋರೈಡ್ ಹೆಚ್ಚಿರುವ ನೀರಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಬೈಕಾರ್ಬನೇಟ್ ಜಾಸ್ತಿ. ಅದನ್ನ ಕುದಿಸಿದರೆ ಕಾರ್ಬನೇಟ್ ಆಗಿ, ಬಟ್ಟೆ ಸೋಡಾ ಹಾಕಿದ ನೀರಿನ ಹಾಗೆ ಪಿಎಚ್ ಇನ್ನೂ ಏರುತ್ತೆ. ಗ್ಯಾಸೂ ದಂಡ, ಪ್ರಿಂಟೂ ದಂಡ.

ಪೆರಾಕ್ಸೈಡ್ ಒಂದು ತಮಾಷೆ ಅಷ್ಟೇ. ಪ್ರಿಂಟ್ ಗಾಳಿಗೆ ಒಂದು ದಿನ ಬಿಟ್ಟರೆ ತಾನಾಗೇ ಬರುವ ಗಾಢ ನೀಲಿಯನ್ನ ಅರ್ಧ ನಿಮಿಷದಲ್ಲಿ ತೋರಿಸುತ್ತೆ. ಮೆಡಿಕಲ್ ಸ್ಟೋರಿನ ಪೆರಾಕ್ಸೈಡ್ ಲೀಟರ್ ನೀರಿಗೆ ಒಂದು ಚಮಚ ಸಾಕು. ಕ್ಷಾರ ತೊಳೆದುಕೊಂಡು ಹೋದದ್ದನ್ನ ಅದು ತರಲ್ಲ.

ಈಗ ಆರ್‌ಒ ಪಟ್ಟಿ ಯಾಕೆ ಸಪ್ಪೆ ಅನ್ನೋದು. ನಿಮ್ಮ ಕಾಗದ ನೋಡಿ. ವಾಟರ್‌ಕಲರ್ ಪೇಪರ್ ಬಹಳಷ್ಟರಲ್ಲಿ, ಕಾಗದ ಹಳದಿಯಾಗದಿರಲಿ ಅಂತ ಕಾರ್ಖಾನೆಯಲ್ಲೇ ಕ್ಯಾಲ್ಸಿಯಂ ಕಾರ್ಬನೇಟ್ ಸೇರಿಸಿರ್ತಾರೆ. ಅಂದರೆ ನೀರು ಎಷ್ಟೇ ಶುದ್ಧ ಇರಲಿ, ಕ್ಷಾರ ಕಾಗದದ ಒಳಗೇ ಇದೆ. ಒಂದು ಮೂಲೆ ಹರಿದು ಹರಿದ ಅಂಚಿಗೆ ಒಂದು ಹನಿ ಸಿಟ್ರಿಕ್ ದ್ರಾವಣ ಬಿಡಿ, ಲೂಪ್‌ನಲ್ಲಿ (ಸಣ್ಣ ಭೂತಗನ್ನಡಿ) ನೋಡಿ. ಸಣ್ಣ ಗುಳ್ಳೆ ಎದ್ದರೆ ಕಾರ್ಬನೇಟ್ ಇದೆ. ಇನ್ನೊಂದು ಗುರುತು: ಕೆಮಿಕಲ್ ಹಚ್ಚಿ ಒಣಗಿದಾಗ ಹಳದಿ-ಹಸಿರು ಇರಬೇಕಾದ್ದು ಬಿಸಿಲು ಕಾಣುವ ಮೊದಲೇ ನೀಲಿ ಛಾಯೆಗೆ ತಿರುಗೋದು.

ಇಂಥ ಕಾಗದವನ್ನ 10 ಪರ್ಸೆಂಟ್ ಸಲ್ಫಾಮಿಕ್ ಆ್ಯಸಿಡ್‌ನಲ್ಲಿ, ಅಂದರೆ ಲೀಟರಿಗೆ 100 ಗ್ರಾಂ, ಗುಳ್ಳೆ ನಿಲ್ಲುವವರೆಗೆ ನೆನೆಸಬೇಕು. ದಪ್ಪ ಕಾಗದಕ್ಕೆ 15 ನಿಮಿಷದ ಆಸುಪಾಸು. ಆಮೇಲೆ ಆರ್‌ಒ ನೀರಲ್ಲಿ ಎರಡು ಮೂರು ಸಲ ಚೆನ್ನಾಗಿ ತೊಳೆದು ಹಗ್ಗಕ್ಕೆ ನೇತುಹಾಕಿ. ಇಲ್ಲಿ ಸಿಟ್ರಿಕ್ ಬಳಸಿದರೆ ಕ್ಯಾಲ್ಸಿಯಂ ಸಿಟ್ರೇಟ್ ಸರಿಯಾಗಿ ಕರಗದೆ ನಾರಿನಲ್ಲೇ ಉಳಿಯುತ್ತೆ, ಅದಕ್ಕೇ ಸಲ್ಫಾಮಿಕ್. ಕೈಗವಸು ಹಾಕಿ, ಬ್ಲೀಚಿಂಗ್ ಪೌಡರ್ ಹತ್ತಿರ ಸುಳಿಯಬಾರದು. ಈ ರಗಳೆ ಬೇಡ ಅನ್ನೋದಾದರೆ ಆರ್ಷ್ ಪ್ಲಾಟೀನ್, ಹಾನೆಮ್ಯೂಲೆ ಪ್ಲಾಟಿನಂ ರ‍್ಯಾಗ್ ತರಹದ ಕಾಗದಗಳಲ್ಲಿ ಕಾರ್ಬನೇಟ್ ಇರಲ್ಲ. ಬೆಲೆ ಕೇಳಿದರೆ ಸಲ್ಫಾಮಿಕ್ಕೇ ವಾಸಿ ಅನ್ಸುತ್ತೆ.

ಬ್ರಶ್ಶಿಗೆ ತಗಡಿನ ಪಟ್ಟಿ ಇದ್ದರೆ ಅದನ್ನೂ ಬದಲಾಯಿಸಿ. ಕೆಮಿಕಲ್ ಲೋಹಕ್ಕೆ ತಾಗಿ ಬರುವ ನೀಲಿ ಚುಕ್ಕೆಗಳಿಗೆ ಜನ ಧೂಳನ್ನ ಬೈತಾರೆ.

ಗ್ರೌಂಡ್‌ಗ್ಲಾಸ್, ತುಮಕೂರು

ಇಬ್ಬರೂ ಹೇಳಿದ್ದು ಸರಿ, ಆದರೆ ನೆಗೆಟಿವ್ ಯಾರೂ ಮುಟ್ಟಲಿಲ್ಲ. ಬಿ ಡೈಲ್ಯೂಶನ್‌ನಲ್ಲಿ 9 ನಿಮಿಷ ಅನ್ನೋದು ಎನ್‌ಲಾರ್ಜರ್‌ಗೆ (ನೆಗೆಟಿವ್ ದೊಡ್ಡದು ಮಾಡಿ ಪ್ರಿಂಟ್ ತೆಗೆಯುವ ಯಂತ್ರ) ಹೊಂದುವ ನೆಗೆಟಿವ್. ಸಯನೋಟೈಪಿಗೆ ಅದು ತೆಳು. ಹೈಲೈಟ್ (ಪ್ರಿಂಟಿನಲ್ಲಿ ಬೆಳ್ಳಗಿರಬೇಕಾದ ಭಾಗ) ಕಡೆ ಸಾಂದ್ರತೆ ಸಾಲದೆ ಅಲ್ಲೂ ನೀಲಿ ಹತ್ತುತ್ತೆ, ಅದಕ್ಕೆ ಹೆದರಿ ಬಿಸಿಲು ಕಡಿಮೆ ಮಾಡ್ತೀರಿ, ಆಗ ಶ್ಯಾಡೋ (ಗಾಢ ಭಾಗ) ಗಟ್ಟಿಯಾಗದೆ ತೊಳೆಯುವಾಗ ಜಾರಿ ಹೋಗುತ್ತೆ. ಆರ್‌ಒ ಪಟ್ಟಿ ಸಪ್ಪೆಯಾಗೋಕೆ ಇದೂ ಕಾರಣ ಇರಬಹುದು.

ಡೆವಲಪ್ ಸಮಯ 30ರಿಂದ 40 ಪರ್ಸೆಂಟ್ ಹೆಚ್ಚಿಸಿ, 12 ನಿಮಿಷದಿಂದ ಶುರು ಮಾಡಿ. ಇದು 20 ಡಿಗ್ರಿ ಲೆಕ್ಕ. ಮಾರ್ಚ್ ಆದಮೇಲೆ ನಮ್ಮ ಕಡೆ ಓವರ್‌ಹೆಡ್ ಟ್ಯಾಂಕಿನ ನೀರು 28 ದಾಟುತ್ತೆ. ದೊಡ್ಡ ಟಬ್‌ನಲ್ಲಿ ಐಸ್ ಬಾಟಲಿ ಇಟ್ಟು ಅದರಲ್ಲಿ ಟ್ರೇ ಕೂರಿಸಿ. ಅದಾಗಲ್ಲ ಅಂದರೆ ಡೆವಲಪರನ್ನ 1+63ಕ್ಕೆ ತೆಳು ಮಾಡಿ, ಸಮಯ ಉದ್ದವಾಗಿ ಹಿಡಿತಕ್ಕೆ ಸಿಗುತ್ತೆ. ನಾಲ್ಕು ಶೀಟಿಗೆ ಸಿರಪ್ ಕನಿಷ್ಠ 6 ಎಂಎಲ್ ಇರಲೇಬೇಕು, ಇಲ್ಲದಿದ್ದರೆ ಡೆವಲಪರ್ ಅರ್ಧದಲ್ಲೇ ಸುಸ್ತಾಗುತ್ತೆ.

ಎಕ್ಸ್‌ಪೋಶರ್ ಗಡಿಯಾರ ನೋಡಿ ನಿಲ್ಲಿಸಬೇಡಿ. ಫ್ರೇಮಿನ ಹಿಂಬದಿಯ ಅರ್ಧ ಬಾಗಿಲನ್ನ ನೆರಳಲ್ಲಿ ಬಿಚ್ಚಿ ನೋಡಿ. ಅತಿ ಕಪ್ಪಾಗಬೇಕಾದ ಭಾಗ ನೀಲಿ ದಾಟಿ ಬೂದಿ-ಕಂಚಿನ ಬಣ್ಣಕ್ಕೆ ತಿರುಗಿರಬೇಕು, ಹೈಲೈಟ್‌ನಲ್ಲಿ ನಿಮಗೆ ಬೇಕಾದ್ದಕ್ಕಿಂತ ಒಂದು ಪಾಲು ಜಾಸ್ತಿ ಛಾಯೆ ಇರಬೇಕು. ತೊಳೆದಾಗ ಅಷ್ಟು ಇಳಿಯುತ್ತೆ.

ಬೆಟ್ಟದ_ನೆರಳು, ಕೋಲಾರ

ಕಾಗದದ ಅಂಚಲ್ಲಿ ಗುಳ್ಳೆ ಬಂತು. ಸಲ್ಫಾಮಿಕ್ ತರಿಸ್ತೀನಿ. ಇದೇ ನೆಗೆಟಿವ್‌ಗಳಿಂದ ಮುಂದೆ ವ್ಯಾನ್‌ಡೈಕ್ ಬ್ರೌನ್ (ಬೆಳ್ಳಿಯ ಕೆಮಿಕಲ್‌ನಿಂದ ಬರುವ ಕಂದು ಪ್ರಿಂಟ್) ಮಾಡೋ ಯೋಚನೆ ಇದೆ. ಅದಕ್ಕೂ ಆರ್‌ಒ ನೀರು ನಡೆಯುತ್ತಾ?

ಕೆಂಪುದೀಪ, ತುಮಕೂರು

ದ್ರಾವಣ ಮಾಡೋಕೆ ನಡೆಯಲ್ಲ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇದೆ, ನೀರಲ್ಲಿ ಕ್ಲೋರೈಡ್ ಸ್ವಲ್ಪ ಇದ್ದರೂ ಹಾಲು ಹಾಲಾಗುತ್ತೆ, ದುಬಾರಿ ಬೆಳ್ಳಿ ತಳಕ್ಕೆ ಹೋಗುತ್ತೆ. ಪೆಟ್ರೋಲ್ ಬಂಕಿನಲ್ಲಿ, ಆಟೋಮೊಬೈಲ್ ಅಂಗಡಿಯಲ್ಲಿ ಸಿಗುವ ಬ್ಯಾಟರಿ ಡಿಸ್ಟಿಲ್ಡ್ ವಾಟರ್ ತನ್ನಿ, ಪಕ್ಕದಲ್ಲೇ ಇಟ್ಟಿರುವ ಬ್ಯಾಟರಿ ಆ್ಯಸಿಡ್ ಅಲ್ಲ. ಅದನ್ನೂ ಕುರುಡಾಗಿ ನಂಬಬೇಡಿ: ಗಾಜಿನ ಲೋಟದಲ್ಲಿ ಸ್ವಲ್ಪ ಹಾಕಿ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಡಿ, ಕಪ್ಪು ಬಟ್ಟೆ ಹಿಂದಿಟ್ಟು ನೋಡಿ. ಮಂಜು ಕಾಣದಿದ್ದರೆ ಬಳಸಿ. ಮೊದಲ ತೊಳೆತವೂ ಇದೇ ನೀರಲ್ಲಿ, ಚಿಟಿಕೆ ಸಿಟ್ರಿಕ್ ಹಾಕಿ. ಬೋರ್ ನೀರು ಮೊದಲೇ ತಾಗಿದರೆ ಕಾಗದದಲ್ಲಿ ಉಳಿದ ಬೆಳ್ಳಿ ಅಲ್ಲೇ ಸಿಲ್ವರ್ ಕ್ಲೋರೈಡ್ ಆಗಿ ಕೂತು, ಬೆಳಕಿಗೆ ಬಿಳಿ ಭಾಗವೆಲ್ಲ ಕಂದುತ್ತೆ. ಹೈಪೋ (ಚಿತ್ರವನ್ನ ಸ್ಥಿರ ಮಾಡುವ ಫಿಕ್ಸರ್ ದ್ರಾವಣ) ಆದಮೇಲಿನ ಉದ್ದ ತೊಳೆತಕ್ಕೆ ಬೋರ್ ನೀರಿಗೆ ನನ್ನ ತಕರಾರಿಲ್ಲ, ಕೊನೆಯದು ಮಾತ್ರ ಆರ್‌ಒ.